ಸೋಡಿಯಂ 114: ಮಲೆನಾಡಿನ ಒಂದು ಪ್ರಕರಣ

ಜುಲೈ ನಡುವಿನ ಒಂದು ಬೆಳಗ್ಗೆ. ತೀರ್ಥಹಳ್ಳಿಯಾಚೆಯ ಹಳ್ಳಿಯೊಂದರಿಂದ 71 ವರ್ಷದ ಅಮ್ಮನನ್ನು ಬಾಡಿಗೆ ಕಾರಿನಲ್ಲಿ ಮಲಗಿಸಿಕೊಂಡು ಶಿವಮೊಗ್ಗದ ನಮ್ಮ ಆಸ್ಪತ್ರೆಗೆ ಕರೆತಂದಿದ್ದರು. ಮಂಡಗದ್ದೆ ದಾಟುವವರೆಗೆ ಏನೇನೋ ಮಾತಾಡುತ್ತಿದ್ದವರು ಗಾಜನೂರು ಬರುವಷ್ಟರಲ್ಲಿ ಸುಮ್ಮನಾಗಿದ್ದರಂತೆ. ಕರೆದರೆ ಕಣ್ಣು ಬಿಡುತ್ತಿದ್ದರು, ಮತ್ತೆ ಮುಚ್ಚುತ್ತಿದ್ದರು. ದಾರಿಯಲ್ಲಿ ಎರಡು ಸಲ ವಾಂತಿ ಆಗಿತ್ತು.

"ನಾಲ್ಕು ದಿನದಿಂದ ಎಂತದೋ ಮಾತಾಡ್ತಿದ್ರು ಡಾಕ್ಟ್ರೇ," ಎಂದರು ಸೊಸೆ. "ನಿನ್ನೆ ರಾತ್ರಿ ಬಚ್ಚಲಿಗೆ ಅಂತ ಎದ್ದವ್ರು ಕೊಟ್ಟಿಗೆ ಕಡೆ ಹೊರಟಿದ್ರು. ನನ್ನನ್ನ ಅವರ ತಂಗಿ ಹೆಸರಲ್ಲಿ ಕರೀತಿದ್ರು. ಆ ಚಿಕ್ಕತ್ತೆ ತೀರಿಕೊಂಡು ಎಂಟು ವರ್ಷ ಆಯ್ತು."

ಮನೆಯವರಿಗೆ ಲಕ್ವದ ಭಯ. ತಲೆಯ ಸ್ಕ್ಯಾನಿನಲ್ಲಿ ಏನೂ ಸಿಗಲಿಲ್ಲ. ಸ್ವಲ್ಪ ಹೊತ್ತಿಗೆ ರಕ್ತದ ವರದಿ ಬಂತು. ಸೋಡಿಯಂ 114. ಲೀಟರಿಗೆ 135ರಿಂದ 145 ಮಿಲಿ ಈಕ್ವಿವಲೆಂಟ್ ಇರಬೇಕಾದದ್ದು. ಪೊಟ್ಯಾಸಿಯಂ 3.1, ಅದೂ ಕಡಿಮೆ. ಸಕ್ಕರೆ 108, ಯೂರಿಯಾ 18, ಮೂತ್ರಪಿಂಡದ ಲೆಕ್ಕ ಸರಿಯಾಗಿಯೇ ಇತ್ತು. ನಾಡಿ ನಿಮಿಷಕ್ಕೆ 54. ಇಸಿಜಿಯಲ್ಲಿ ಮೇಲಿನ ಕೋಣೆಯ ಮಿಡಿತ ಕೆಳಗಿನ ಕೋಣೆಗೆ ತಲುಪಲು 0.23 ಸೆಕೆಂಡ್ ಹಿಡಿಯುತ್ತಿತ್ತು, 0.20 ದಾಟಬಾರದು. ಕಾಲಿನಲ್ಲಿ ಬಾವಿಲ್ಲ, ಕುತ್ತಿಗೆಯ ನರ ಉಬ್ಬಿಲ್ಲ, ನಾಲಿಗೆ ಒಣಗಿಲ್ಲ. ಹೊರಗಿನಿಂದ ನೋಡಿದರೆ ಮೈಯಲ್ಲಿ ನೀರು ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ ಎನ್ನಬೇಕು, ಹಾಗಿದ್ದರು.

ಮಗ ಕೇಳಿದ ಪ್ರಶ್ನೆ ನೇರವಾಗಿತ್ತು: "ಸೋಡಿಯಂ ಅಂದ್ರೆ ಉಪ್ಪೇ ಅಲ್ವಾ ಡಾಕ್ಟ್ರೇ? ಕಡಿಮೆ ಆಗಿದ್ರೆ ಡ್ರಿಪ್ಪಲ್ಲಿ ಹಾಕಿ ಸಂಜೆಯೊಳಗೆ ಸರಿ ಮಾಡಕ್ಕಾಗಲ್ವಾ? ಅಮ್ಮಂಗೆ ಮೊದ್ಲೇ ಹಾರ್ಟ್ ವೀಕು."

ಆ ಪ್ರಶ್ನೆಗೆ ಪೂರ್ತಿ ಉತ್ತರ ಕೊಡಲು ನನಗೆ ನಾಲ್ಕು ದಿನ ಹಿಡಿಯಿತು. ಆ ಉತ್ತರಕ್ಕಾಗಿಯೇ ಈ ಪ್ರಕರಣವನ್ನು ಬರೆಯುತ್ತಿದ್ದೇನೆ.

ಮನೆಯವರು ಒಂದು ಒಳ್ಳೆಯ ಕೆಲಸ ಮಾಡಿದ್ದರು. ಮನೆಯಲ್ಲಿದ್ದ ಮಾತ್ರೆಗಳನ್ನೆಲ್ಲ ಒಂದು ಪ್ಲಾಸ್ಟಿಕ್ ಕವರಿಗೆ ತುಂಬಿ ತಂದಿದ್ದರು. ಅವನ್ನು ಮೇಜಿನ ಮೇಲೆ ಹರಡಿಕೊಂಡು ಕೂತಾಗ ಕತೆ ತಾನಾಗಿ ಬಿಚ್ಚಿಕೊಂಡಿತು. ಬಿ.ಪಿ. ಹಲವು ವರ್ಷಗಳಿಂದ ಇದೆ. ಕಳೆದ ವರ್ಷ ಎಕೋ ಮಾಡಿಸಿದಾಗ ಹೃದಯದ ಪಂಪಿಂಗ್ ಶೇಕಡಾ 40 ಎಂದಿತ್ತು, ಇರಬೇಕಾದ್ದಕ್ಕಿಂತ ಕಡಿಮೆ. ಅಲ್ಲಿಂದ ಟೆಲ್ಮಿಸಾರ್ಟನ್ ಮತ್ತು ಮೆಟೊಪ್ರೊಲಾಲ್ ಎಂಬ ಬಿ.ಪಿ., ಹೃದಯದ ಮಾತ್ರೆಗಳನ್ನು ತೆಗೆದುಕೊಳ್ಳುತ್ತಿದ್ದರು. ಎರಡು ತಿಂಗಳ ಹಿಂದೆ ಪಾದ ಊದಿಕೊಂಡಿತು. ಒಂದು ಕಡೆ ತೋರಿಸಿದಾಗ ಕ್ಲೋರ್‌ಥಾಲಿಡೋನ್ ಎಂಬ ನೀರಿನ ಮಾತ್ರೆ ಸೇರಿಸಿ, "ಉಪ್ಪು ಪೂರ್ತಿ ಬಿಟ್ಟುಬಿಡಿ" ಎಂದರು. ಊತ ಇಳಿಯಿತು. ಮೂರು ವಾರದ ಹಿಂದೆ ಉರಿಮೂತ್ರ ಶುರುವಾಯಿತು. ಇನ್ನೊಂದು ಕಡೆ ಹೋದಾಗ ಆ್ಯಂಟಿಬಯೋಟಿಕ್ ಕೊಟ್ಟು, "ದಿನಕ್ಕೆ ಮೂರು ಲೀಟರ್ ನೀರು ಕುಡಿಯಲೇಬೇಕು" ಎಂದರು.

ಊದಿದ ಪಾದಕ್ಕೆ ಮೊದಲನೆಯ ಸಲಹೆ, ಉರಿಮೂತ್ರಕ್ಕೆ ಎರಡನೆಯದು. ಬೇರೆ ಬೇರೆಯಾಗಿ ನೋಡಿದರೆ ಎರಡೂ ದಿನನಿತ್ಯ ಕೇಳುವ ಮಾತುಗಳೇ. ಆದರೆ ಎರಡೂ ಒಂದೇ ಮೈಯಲ್ಲಿ ಕೂಡಿದ್ದನ್ನು ಯಾರೂ ನೋಡಲಿಲ್ಲ. ನಡುವೆ ಒಮ್ಮೆಯೂ ಸೋಡಿಯಂ ಪರೀಕ್ಷೆ ಆಗಿರಲಿಲ್ಲ. ವಯಸ್ಸಾದ, ಸಣ್ಣ ಮೈಕಟ್ಟಿನ ಹೆಂಗಸರಿಗೆ ಕ್ಲೋರ್‌ಥಾಲಿಡೋನ್ ಗುಂಪಿನ ಮಾತ್ರೆ ಕೊಟ್ಟರೆ ಕೆಲವು ವಾರಗಳೊಳಗೆ ಸೋಡಿಯಂ, ಪೊಟ್ಯಾಸಿಯಂ ನೋಡಲೇಬೇಕು. ಇಷ್ಟು ಚಿಕ್ಕ ಕೆಲಸ ತಪ್ಪಿಹೋದದ್ದು ನನಗೆ ಈಗಲೂ ಬೇಸರದ ಸಂಗತಿ.

ಅಮ್ಮ ಹೇಳಿದ್ದನ್ನು ಚಾಚೂ ತಪ್ಪದೆ ಪಾಲಿಸುವವರು. ಉಪ್ಪಿಲ್ಲದ ಗಂಜಿ, ಬೇಯಿಸಿದ ಸೋರೆಕಾಯಿ, ಬಾರ್ಲಿ ನೀರು, ಕೊತ್ತಂಬರಿ–ಜೀರಿಗೆ ಕಷಾಯ. ಬಾಯಿಗೆ ರುಚಿಯಿಲ್ಲದ್ದರಿಂದ ಗಂಜಿಯೂ ಕಡಿಮೆಯಾಗುತ್ತ ಬಂದಿತ್ತು. ಬೇಳೆ, ಮೊಸರು ಹೆಚ್ಚುಕಡಿಮೆ ನಿಂತೇ ಹೋಗಿದ್ದವು. ನೀರು ಮಾತ್ರ ಲೆಕ್ಕವಿಟ್ಟು ಮೂರು ಲೀಟರ್.

ಮೂತ್ರಪಿಂಡ ಬರೀ ನೀರನ್ನು ಹೊರಹಾಕಲಾರದು ಎಂಬುದನ್ನು ನಾವು ಮರೆಯುತ್ತೇವೆ. ನೀರಿನ ಜೊತೆ ಒಂದಿಷ್ಟು ಉಪ್ಪು, ಯೂರಿಯಾ (ಊಟದ ಪ್ರೋಟೀನಿನಿಂದ ಉಳಿಯುವ ಕಸ) ಹೋಗಲೇಬೇಕು. ಚೆನ್ನಾಗಿ ಉಣ್ಣುವವರ ಊಟದಿಂದ ದಿನಕ್ಕೆ ಸುಮಾರು 600 ಮಿಲಿ ಆಸ್ಮೋಲ್‌ನಷ್ಟು ಇಂಥ ಕರಗಿದ ಪದಾರ್ಥ ಸಿಗುತ್ತದೆ (ಮಿಲಿ ಆಸ್ಮೋಲ್ ಎಂದರೆ ಕರಗಿದ ಕಣಗಳ ಎಣಿಕೆಯ ಮಾನ). ಬರೀ ಗಂಜಿಯಿಂದ 250 ಸಿಕ್ಕಿತು ಎಂದುಕೊಳ್ಳೋಣ. ಆರೋಗ್ಯವಂತ ಮೂತ್ರಪಿಂಡ ಲೀಟರಿಗೆ 50ರಷ್ಟು ತೆಳ್ಳಗೆ ಮಾಡಿ ಹೊರಹಾಕಬಲ್ಲದು. ಆಗ 250ರಲ್ಲೂ ಐದು ಲೀಟರ್ ನೀರು ಹೋಗುತ್ತದೆ. ಕ್ಲೋರ್‌ಥಾಲಿಡೋನ್ ಕೈಹಾಕುವುದು ಈ ತೆಳ್ಳಗೆ ಮಾಡುವ ಶಕ್ತಿಗೇ. ಮೂತ್ರ ಲೀಟರಿಗೆ 250ಕ್ಕಿಂತ ಕೆಳಗಿಳಿಯದಿದ್ದರೆ ಹೋಗುವುದು ಒಂದೇ ಲೀಟರ್. ಕುಡಿದದ್ದು ಮೂರು. ಬೆವರು, ಉಸಿರಿನಲ್ಲಿ ಹೋದದ್ದನ್ನು ಕಳೆದರೂ ಪ್ರತಿದಿನ ಒಂದು ಪಾಲು ಒಳಗೇ ಉಳಿಯಿತು, ಮಲೆನಾಡಿನ ಮಳೆಗಾಲದಲ್ಲಿ ಬೆವರುವುದೂ ಅಷ್ಟರಲ್ಲೇ ಇದೆ. ಅಮ್ಮನ ಮೂತ್ರದ ಸಾಂದ್ರತೆ ಆವತ್ತು 340 ಇತ್ತು. ರಕ್ತದ್ದು ಲೆಕ್ಕ ಹಾಕಿದರೆ 237. ರಕ್ತಕ್ಕಿಂತ ಮೂತ್ರವೇ ಗಟ್ಟಿ! ನೀರಿನಲ್ಲಿ ಮುಳುಗುತ್ತಿರುವ ಮೈ ನೀರನ್ನೇ ಉಳಿಸಿಕೊಳ್ಳುತ್ತಿತ್ತು.

ಅಂದರೆ 114 ಎಂಬ ಅಂಕಿ ಹೇಳುತ್ತಿದ್ದುದು ಉಪ್ಪಿನ ಬಡತನಕ್ಕಿಂತ ಹೆಚ್ಚಾಗಿ ನೀರಿನ ಹೆಚ್ಚಳವನ್ನು. ಒಂದಿಷ್ಟು ಸೋಡಿಯಂ, ಪೊಟ್ಯಾಸಿಯಂ ಮೂತ್ರದಲ್ಲಿ ಹೋಗಿದ್ದವು, ನಿಜ. ಆದರೆ ಹಂಡೆಯೊಳಗಿನ ಸಾರು ಸಪ್ಪೆಯಾದದ್ದು ಮುಖ್ಯವಾಗಿ ನೀರು ಸುರಿದದ್ದರಿಂದ.

ಮಗನಿಗೆ ಇದನ್ನು ಹೇಳುವಾಗ ನನಗೆ ನೆನಪಾದದ್ದು ಅವರದೇ ಅಡುಗೆಮನೆ. ಅಪ್ಪೆಮಿಡಿಯನ್ನು ಭರಣಿಯಲ್ಲಿ ಕಲ್ಲುಪ್ಪಿನ ಜೊತೆ ಪದರ ಪದರವಾಗಿ ಹಾಕಿಟ್ಟರೆ ಒಂದು ತೊಟ್ಟು ನೀರು ಹಾಕದಿದ್ದರೂ ಕೆಲವು ದಿನದಲ್ಲಿ ಮಿಡಿ ಸುಕ್ಕುಗಟ್ಟಿ ತನ್ನದೇ ನೀರಿನಲ್ಲಿ ತೇಲುತ್ತದೆ. ಉಪ್ಪು ಹೊರಗೆ ಹೆಚ್ಚಿದ್ದರೆ ಒಳಗಿನ ನೀರು ಹೊರಗೆ. ಮಳೆಗಾಲದಲ್ಲಿ ಉಪ್ಪು ಸೊಳೆ, ಅಂದರೆ ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ತೊಳೆ, ತೆಗೆದು ಪಲ್ಯ ಮಾಡುವ ಮೊದಲು ಸಿಹಿ ನೀರಿನಲ್ಲಿ ನೆನೆಹಾಕುತ್ತಾರೆ. ಉಪ್ಪು ಬಿಡುತ್ತದೆ, ಸೊಳೆ ನೀರು ಕುಡಿದು ದಪ್ಪಗಾಗುತ್ತದೆ. ಅಮ್ಮನ ಮೈಯ ಕೋಶಗಳ ಸುತ್ತಲಿನ ದ್ರವ ಸಪ್ಪೆಯಾಗಿತ್ತು. ಕೋಶಗಳು ನೀರು ಕುಡಿಯುತ್ತಿದ್ದವು. ಮೈಗೆ ಸೇರಿದ ಹೆಚ್ಚುವರಿ ನೀರಿನ ಮೂರರಲ್ಲಿ ಎರಡು ಪಾಲು ಹೀಗೆ ಕೋಶಗಳೊಳಗೇ ಅಡಗುತ್ತದೆ. ಆದ್ದರಿಂದಲೇ ಕಾಲಲ್ಲಿ ಬಾವು ಕಾಣಲಿಲ್ಲ. ಮಿದುಳು ಮಾತ್ರ ಗಟ್ಟಿ ಬುರುಡೆಯೊಳಗೆ ಇರುವುದು. ಅದಕ್ಕೆ ಊದಲು ಜಾಗವಿಲ್ಲ. ವಾಂತಿ, ಮಂಪರು, ಗೊಂದಲ ಎಲ್ಲ ಅಲ್ಲಿಂದ ಬಂದವು.

ಕೋಶದ ಪೊರೆ ಎಣ್ಣೆಯಂಥದ್ದು. ಎಣ್ಣೆಯ ಮೂಲಕ ನೀರು ಇಷ್ಟು ಬೇಗ ಹೇಗೆ ಹಾದುಹೋಗುತ್ತದೆ ಎಂಬುದು ಬಹುಕಾಲ ಬಗೆಹರಿಯದ ಪ್ರಶ್ನೆಯಾಗಿತ್ತು. 1992ರಲ್ಲಿ ಅಮೆರಿಕದ ಪೀಟರ್ ಅಗ್ರೆ ಮತ್ತು ಸಂಗಡಿಗರು ಕೆಂಪು ರಕ್ತಕಣಗಳಲ್ಲಿ ಸಿಕ್ಕ ಒಂದು ಪ್ರೋಟೀನನ್ನು ಕಪ್ಪೆಯ ಮೊಟ್ಟೆಗಳಲ್ಲಿ ತಯಾರಾಗುವಂತೆ ಮಾಡಿ, ಆ ಮೊಟ್ಟೆಗಳನ್ನು ತೆಳು ದ್ರವಕ್ಕೆ ಹಾಕಿ ನೋಡಿದರು. ಸಾಮಾನ್ಯವಾಗಿ ಕಪ್ಪೆಯ ಮೊಟ್ಟೆ ಸಿಹಿನೀರಿನಲ್ಲಿ ಊದುವುದಿಲ್ಲ. ಊದುವುದಾದರೆ ನಮ್ಮ ಗದ್ದೆಗಳಲ್ಲಿ ಮಳೆಗಾಲಕ್ಕೆ ಒಂದು ಕಪ್ಪೆಮರಿಯೂ ಉಳಿಯುತ್ತಿರಲಿಲ್ಲ. ಆ ಪ್ರೋಟೀನ್ ಸೇರಿದ ಮೊಟ್ಟೆಗಳು ಮಾತ್ರ ನಿಮಿಷಗಳಲ್ಲಿ ಉಬ್ಬಿ ಒಡೆದವು. ಅದಕ್ಕೆ ಆಕ್ವಾಪೋರಿನ್ ಎಂಬ ಹೆಸರಾಯಿತು. 2003ರ ರಸಾಯನಶಾಸ್ತ್ರದ ನೊಬೆಲ್ ಅಗ್ರೆ ಅವರಿಗೂ ಕೋಶದ ಪೊರೆಯಲ್ಲಿ ಲವಣದ ಕಣಗಳು ಹಾಯುವ ನಾಲೆಗಳನ್ನು ಅಧ್ಯಯನ ಮಾಡಿದ ರೊಡೆರಿಕ್ ಮೆಕಿನನ್ ಅವರಿಗೂ ಹಂಚಿಕೆಯಾಯಿತು.

ನಮ್ಮ ಕಡೆ ಮೇಲಿನ ಗದ್ದೆಯಿಂದ ಕೆಳಗಿನ ಗದ್ದೆಗೆ ನೀರು ಬಿಡಲು ಅಂಚನ್ನು ಕಡಿದು ಕಂಡಿ ಮಾಡುತ್ತಾರೆ. ನೀರು ಯಾವ ಕಡೆ ಹರಿಯಬೇಕು ಎಂದು ಕಂಡಿ ನಿರ್ಧರಿಸುವುದಿಲ್ಲ, ಗದ್ದೆಗಳ ಎತ್ತರ ನಿರ್ಧರಿಸುತ್ತದೆ. ಆಕ್ವಾಪೋರಿನ್ ಕೂಡ ಅಂಥ ಕಂಡಿ. ಒಂದು ಕಂಡಿಯಲ್ಲಿ ಸೆಕೆಂಡಿಗೆ ಸುಮಾರು 300 ಕೋಟಿ ನೀರಿನ ಅಣುಗಳು ಒಂದರ ಹಿಂದೊಂದು ಸಾಲಾಗಿ ಹಾಯುತ್ತವೆ. ಉಪ್ಪಿನ ಒಂದು ಕಣವೂ ನುಸುಳದು. ನೀರು ಒಳಗೋ ಹೊರಗೋ ಎಂಬುದನ್ನು ರಕ್ತದ ಉಪ್ಪಿನ ಸಾಂದ್ರತೆ ತೀರ್ಮಾನಿಸುತ್ತದೆ. ಎಷ್ಟು ಬೇಗ ಎಂಬುದನ್ನು ಕಂಡಿಗಳ ಎಣಿಕೆ ತೀರ್ಮಾನಿಸುತ್ತದೆ. ಇನ್ನು, ಸಾಂದ್ರತೆ ಬದಲಾದಾಗ ಮೈ ಕಂಡಿಗಳ ಎಣಿಕೆಯನ್ನೇ ಬದಲಿಸುತ್ತದೆ.

ಹೃದಯದಲ್ಲಿ ಮುಖ್ಯವಾಗಿ ಸಿಗುವುದು ಆಕ್ವಾಪೋರಿನ್-1, ಅಗ್ರೆ ಕೆಂಪು ರಕ್ತಕಣದಲ್ಲಿ ಕಂಡದ್ದೇ. ಹೃದಯದ ಸ್ನಾಯುವಿನ ನಡುವೆ ಹೆಣೆದುಕೊಂಡಿರುವ ಕೂದಲೆಳೆಯಂಥ ರಕ್ತನಾಳಗಳ ಗೋಡೆಯಲ್ಲಿ ಅದು ದಟ್ಟವಾಗಿದೆ. ಸ್ನಾಯುಕೋಶದ ಪೊರೆಯಲ್ಲೂ ಇದೆ, ಅಲ್ಲಿನ ಸಣ್ಣ ಸಣ್ಣ ಗುಳಿಗಳಲ್ಲಿ. 1998ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಇಲಿಯ ಹೃದಯದ ಕೋಶಗಳನ್ನು ಸಾಂದ್ರ ದ್ರವದಲ್ಲಿಟ್ಟಾಗ ಈ ಕಂಡಿಗಳು ಗುಳಿಗಳನ್ನು ಬಿಟ್ಟು ಕೋಶದ ಒಳಕ್ಕೆ ಸರಿದವು. ಸಾಂದ್ರತೆ ಮೊದಲಿನಂತಾದಾಗ ಮತ್ತೆ ಹೊರಗೆ ಬಂದವು. ಇದನ್ನು ಮೊದಲ ಸಲ ಓದಿದಾಗ ನನಗಾದ ಆಶ್ಚರ್ಯ ಇನ್ನೂ ಹಾಗೇ ಇದೆ. ಮಿಡಿಯುತ್ತಲೇ ಇರಬೇಕಾದ ಕೋಶ ತನ್ನ ಸುತ್ತಲಿನ ಉಪ್ಪನ್ನು ಅಳೆದು, ನೀರು ಕಳೆದುಕೊಳ್ಳುವ ಹೊತ್ತಿಗೆ ಕಂಡಿಯನ್ನು ಒಳಗೆಳೆದುಕೊಳ್ಳುತ್ತದೆ!

ಅಮ್ಮನ ಹೃದಯದಲ್ಲಿ ಸಾಂದ್ರತೆ ಸಾಗಿದ್ದು ಇದರ ಎದುರು ದಿಕ್ಕಿಗೆ. ಸಪ್ಪೆ ದ್ರವದಲ್ಲಿ ಸ್ನಾಯುಕೋಶ ಊದಿದಾಗ ಪೊರೆ ಹಿಗ್ಗುತ್ತದೆ, ಹಿಗ್ಗಿದ್ದನ್ನು ಗುರುತಿಸುವ ಕ್ಲೋರೈಡ್ ನಾಲೆಗಳು ತೆರೆಯುತ್ತವೆ, ಮಿಡಿತದ ವಿದ್ಯುತ್ ಅಲೆಯ ಆಕಾರ ಬದಲಾಗುತ್ತದೆ. ಕೋಶ ತನ್ನೊಳಗಿನ ಪೊಟ್ಯಾಸಿಯಂ, ಕ್ಲೋರೈಡ್, ಟಾರಿನ್‌ಗಳನ್ನು ಹೊರಚೆಲ್ಲಿ ಮೊದಲಿನ ಗಾತ್ರಕ್ಕೆ ಮರಳಲು ಹೆಣಗುತ್ತದೆ. ಹೃದಯದ ಸ್ನಾಯುವಿನಲ್ಲಿ ನೀರಿನಂಶ ಕೆಲವೇ ಶೇಕಡಾ ಏರಿದರೂ ಅದು ಪೆಡಸಾಗುತ್ತದೆ, ತುಂಬಿಕೊಳ್ಳುವುದು ತಡವಾಗುತ್ತದೆ, ಹೊರಹಾಕುವ ರಕ್ತ ಇಳಿಯುತ್ತದೆ.

ಆದರೆ ಈ ಕಂಡಿಗಳಿಗೆ ಇಲ್ಲದ ಮಹಿಮೆ ಹೊರಿಸಬಾರದು. ಆಕ್ವಾಪೋರಿನ್-1 ಹುಟ್ಟಿನಿಂದಲೇ ಇಲ್ಲದ ಕೆಲವೇ ಕೆಲವರು ಜಗತ್ತಿನಲ್ಲಿ ಪತ್ತೆಯಾಗಿದ್ದಾರೆ. ದಿನನಿತ್ಯದ ಬದುಕಿನಲ್ಲಿ ಅವರಿಗೆ ಎದ್ದು ಕಾಣುವ ಕಾಯಿಲೆಯಿಲ್ಲ. ನೀರು ಕೊಡದೆ ಪರೀಕ್ಷಿಸಿದಾಗ ಅವರ ಮೂತ್ರ ಬೇಕಾದಷ್ಟು ಗಟ್ಟಿಯಾಗಲಿಲ್ಲ, ಅಷ್ಟೇ. ಅಮ್ಮನ ನಿಧಾನ ನಾಡಿಯನ್ನೂ ನಾನು ಸೋಡಿಯಂ ತಲೆಗೆ ಕಟ್ಟಲಾರೆ. ಮೆಟೊಪ್ರೊಲಾಲ್ ಒಂದೇ ಸಾಕು ಅಷ್ಟು ನಿಧಾನ ಮಾಡಲು. ಆ ದಿನ ಅದನ್ನು ನಿಲ್ಲಿಸಿದೆವು.

ಹೃದಯಕ್ಕೂ ಉಪ್ಪಿಗೂ ಇರುವ ದೊಡ್ಡ ನಂಟು ಇನ್ನೊಂದು ದಾರಿಯಲ್ಲಿದೆ. ಮಿದುಳಿನ ತಳದಲ್ಲಿ ರಕ್ತದ ಸಾಂದ್ರತೆಯನ್ನು ಅಳೆಯುವ ಕೋಶಗಳಿವೆ. ಶೇಕಡಾ ಒಂದರಷ್ಟು ವ್ಯತ್ಯಾಸವೂ ಅವಕ್ಕೆ ತಿಳಿಯುತ್ತದೆ. ಗಟ್ಟಿಯಾದರೆ ವ್ಯಾಸೊಪ್ರೆಸಿನ್ ಎಂಬ ಹಾರ್ಮೋನು ಬಿಡುಗಡೆಯಾಗಿ, ಮೂತ್ರಪಿಂಡದ ಕೊನೆಯ ನಾಳಗಳಲ್ಲಿ ಆಕ್ವಾಪೋರಿನ್-2 ಎಂಬ ಕಂಡಿಗಳನ್ನು ಪೊರೆಗೆ ತಂದು ಕೂರಿಸುತ್ತದೆ. ನೀರು ಮೂತ್ರಕ್ಕೆ ಹೋಗದೆ ರಕ್ತಕ್ಕೆ ಮರಳುತ್ತದೆ. ರಕ್ತ ತೆಳ್ಳಗಾದರೆ ಹಾರ್ಮೋನು ನಿಲ್ಲಬೇಕು. ಆದರೆ ಹೃದಯ ಸೋತಾಗ ಅಪಧಮನಿಗಳಲ್ಲಿ ರಕ್ತದ ಒತ್ತು ಸಾಲದೆಂಬ ಸುದ್ದಿ ಮಿದುಳಿಗೆ ಹೋಗುತ್ತದೆ. ಆ ಸುದ್ದಿ ಸಾಂದ್ರತೆಯ ಸುದ್ದಿಯನ್ನು ಮೆಟ್ಟಿ ನಿಲ್ಲುತ್ತದೆ. ರಕ್ತ ಸಪ್ಪೆಯಾಗಿದ್ದರೂ ವ್ಯಾಸೊಪ್ರೆಸಿನ್ ಸುರಿಯುತ್ತಲೇ ಇರುತ್ತದೆ. ಹೃದಯ ವೈಫಲ್ಯದ ಇಲಿಗಳ ಮೂತ್ರಪಿಂಡದಲ್ಲಿ ಆಕ್ವಾಪೋರಿನ್-2 ಹೆಚ್ಚಿರುವುದನ್ನು 1997ರಲ್ಲೇ ತೋರಿಸಿದ್ದಾರೆ. ಮಗ "ಮೊದ್ಲೇ ಹಾರ್ಟ್ ವೀಕು" ಎಂದದ್ದು ಹೀಗೆ ಅವರು ಅಂದುಕೊಂಡದ್ದಕ್ಕಿಂತ ಹೆಚ್ಚು ನಿಜವಾಗಿತ್ತು. ನೀರಿನ ಮಾತ್ರೆ, ಗಂಜಿ, ಬಾರ್ಲಿ ನೀರು, ಸೋತ ಹೃದಯ ನಾಲ್ಕೂ ಒಂದೇ ಕಡೆಗೆ ಎಳೆದಿದ್ದವು.

ಈಗ ಚಿಕಿತ್ಸೆ. ಮಂಪರು, ವಾಂತಿ ಇದ್ದದ್ದರಿಂದ ಕಾಯುವಂತಿರಲಿಲ್ಲ. ಬೆಳಗ್ಗೆ ಹತ್ತಕ್ಕೆ ಶೇಕಡಾ 3ರ ಉಪ್ಪಿನ ದ್ರಾವಣ 150 ಮಿಲಿ ಲೀಟರ್ ಇಪ್ಪತ್ತು ನಿಮಿಷದಲ್ಲಿ ಕೊಟ್ಟೆವು. ಹನ್ನೊಂದಕ್ಕೆ ಸೋಡಿಯಂ 117. ಮೂರೇ ಮೂರು ಅಂಕಿ ಏರಿದ್ದು. ಅಮ್ಮ ಕಣ್ಣು ಬಿಟ್ಟು ಸೊಸೆಯನ್ನು ಸರಿಯಾದ ಹೆಸರಲ್ಲಿ ಕರೆದರು. ಊದಿದ ಮಿದುಳಿಗೆ ಅಷ್ಟು ಸಾಕು. ಉಪ್ಪಿನ ದ್ರಾವಣವನ್ನು ಅಲ್ಲಿಗೇ ನಿಲ್ಲಿಸಿದೆವು. ಕ್ಲೋರ್‌ಥಾಲಿಡೋನ್ ನಿಲ್ಲಿಸಿ, ನೀರಿಗೆ ಮಿತಿ ಹಾಕಿ, ಪೊಟ್ಯಾಸಿಯಂ ಸಿರಪ್ ಶುರುಮಾಡಿದೆವು. ಪೊಟ್ಯಾಸಿಯಂ ಕೊಟ್ಟರೂ ಸೋಡಿಯಂ ಏರುತ್ತದೆ, ಆ ಲೆಕ್ಕವನ್ನೂ ಹಿಡಿಯಬೇಕು.

ಮಗನಿಗೆ ಆಗ ಹೇಳಿದೆ: "ಇವತ್ತಿಗೆ ಎಂಟು ಅಂಕಿ ಮೇಲೆ ಹೋಗ್ಬಾರ್ದು. 122ಕ್ಕೆ ನಿಲ್ಲಿಸ್ತೀವಿ."

"ಯಾಕೆ ಡಾಕ್ಟ್ರೇ? ನಾರ್ಮಲ್ ಆದ್ರೆ ಒಳ್ಳೇದೇ ಅಲ್ವಾ?"

ಒಂದೆರಡು ದಿನಕ್ಕಿಂತ ಹೆಚ್ಚು ಕಾಲ ರಕ್ತ ಸಪ್ಪೆಯಾಗಿದ್ದರೆ ಮಿದುಳಿನ ಕೋಶಗಳು ತಮ್ಮ ಒಳಗಿನ ಪದಾರ್ಥಗಳನ್ನು ಹೊರಚೆಲ್ಲಿ ಆ ಸಪ್ಪೆಗೆ ಹೊಂದಿಕೊಂಡಿರುತ್ತವೆ. ಚೆಲ್ಲಿದ್ದನ್ನು ಮತ್ತೆ ಕೂಡಿಸಿಕೊಳ್ಳಲು ದಿನಗಳು ಬೇಕು. ಅಷ್ಟರಲ್ಲಿ ಹೊರಗಿನ ಉಪ್ಪನ್ನು ದಿಢೀರನೆ ಏರಿಸಿದರೆ ಕೋಶಗಳು ಭರಣಿಯೊಳಗಿನ ಮಿಡಿಯಂತೆ ಸುಕ್ಕುತ್ತವೆ, ನರತಂತುಗಳ ಹೊದಿಕೆ ಕಳಚುತ್ತದೆ. ಕೆಲವು ದಿನ ಬಿಟ್ಟು ಮಾತು ತೊದಲುತ್ತದೆ, ನುಂಗಲಾಗುವುದಿಲ್ಲ, ಕೈಕಾಲು ಬೀಳುತ್ತವೆ. ಅದು ವಾಪಸ್ಸು ಬರದೆಯೂ ಹೋಗಬಹುದು. ಸರಿಯಾಗಿ ಉಣ್ಣದವರಿಗೆ, ಪೊಟ್ಯಾಸಿಯಂ ಕಡಿಮೆ ಇರುವವರಿಗೆ ಈ ಅಪಾಯ ಹೆಚ್ಚು. ಅಮ್ಮನಿಗೆ ಎರಡೂ ಇದ್ದವು.

ಸಂಜೆ ನಾಲ್ಕಕ್ಕೆ 119. ಎಲ್ಲ ಅಂದುಕೊಂಡಂತೆ ಸಾಗುತ್ತಿತ್ತು. ಏಳು ಗಂಟೆಗೆ ನರ್ಸ್ ಬಂದು, "ಯೂರಿನ್ ಬ್ಯಾಗ್ ತುಂಬ್ತಾ ಇದೆ, ನೋಡಿ" ಎಂದರು. ಬೆಳಗ್ಗೆ ಚಹಾದ ಬಣ್ಣವಿದ್ದ ಮೂತ್ರ ಈಗ ಬಾವಿ ನೀರಿನಷ್ಟು ತಿಳಿ. ಗಂಟೆಗೆ 250 ಮಿಲಿ ಲೀಟರ್ ಬರುತ್ತಿತ್ತು. ಬ್ಯಾಗನ್ನು ಬೆಳಕಿಗೆ ಹಿಡಿದರೆ ಆಚೆಯ ಗೋಡೆಯ ಕ್ಯಾಲೆಂಡರಿನ ಅಕ್ಷರ ಕಾಣುತ್ತಿತ್ತು. ಎಂಟಕ್ಕೆ ಸೋಡಿಯಂ 121, ಮೂತ್ರದ ಸಾಂದ್ರತೆ 110.

ಮನೆಯವರು ಖುಷಿಪಟ್ಟಿದ್ದರು, ಕಟ್ಟಿಕೊಂಡ ನೀರೆಲ್ಲ ಹೋಗುತ್ತಿದೆಯಲ್ಲ. ನನಗೆ ಆ ದಿನದ ನಿಜವಾದ ಭಯ ಹುಟ್ಟಿದ್ದು ಆಗ. ಮಾತ್ರೆಯೂ ವಾಂತಿಯೂ ನಿಂತು, ವ್ಯಾಸೊಪ್ರೆಸಿನ್ ಇಳಿದಿತ್ತು. ಮೂತ್ರಪಿಂಡದ ಆಕ್ವಾಪೋರಿನ್-2 ಕಂಡಿಗಳು ಪೊರೆಯಿಂದ ಹಿಂದೆ ಸರಿದಿದ್ದವು, ನೀರು ರಕ್ತಕ್ಕೆ ಮರಳದೆ ನೇರ ಹೊರಗೆ ಹೋಗುತ್ತಿತ್ತು. ಹೀಗೇ ಬಿಟ್ಟರೆ ನಾವು ಒಂದು ಹನಿ ಉಪ್ಪು ಕೊಡದಿದ್ದರೂ ಬೆಳಗಾಗುವಷ್ಟರಲ್ಲಿ 130 ಮುಟ್ಟಬಹುದಿತ್ತು. ಡೆಸ್ಮೊಪ್ರೆಸಿನ್ 2 ಮೈಕ್ರೋಗ್ರಾಂ ಕೊಟ್ಟೆವು. ವ್ಯಾಸೊಪ್ರೆಸಿನ್‌ನದೇ ಕೆಲಸ ಮಾಡುವ ಔಷಧ ಅದು. ಜೊತೆಗೆ ಸಕ್ಕರೆ ನೀರಿನ ಡ್ರಿಪ್, ಶೇಕಡಾ 5ರ ಡೆಕ್ಸ್‌ಟ್ರೋಸ್ ನಿಧಾನವಾಗಿ. ಬೆಳಗ್ಗೆ ಯಾವುದನ್ನು ಕಾಯಿಲೆ ಎಂದಿದ್ದೆವೋ ಅದನ್ನೇ ರಾತ್ರಿ ಬೇಕೆಂದು ಮರಳಿ ತಂದೆವು. ಮಗ ಗೊಂದಲದಿಂದ ನೋಡುತ್ತಿದ್ದರು. ನಾನು, "ಗದ್ದೆ ನೀರು ಇಳಿಸ್ಬೇಕು, ಆದ್ರೆ ಅಂಚು ಒಡೆದು ಹೋಗ್ಬಾರ್ದಲ್ಲ" ಎಂದೆ. ಅವರು ತಲೆಯಾಡಿಸಿದರು, ಅಂಚು ಒಡೆದ ಗದ್ದೆ ಅವರು ಕಂಡದ್ದೇ.

ಹತ್ತೂವರೆಗೆ ಮೂತ್ರ ಗಂಟೆಗೆ 60ಕ್ಕೆ ಇಳಿಯಿತು. ನಡುರಾತ್ರಿ ಸೋಡಿಯಂ 121. ಮರುದಿನ ಬೆಳಗ್ಗೆ 122. ಎರಡನೇ ದಿನದ ಕೊನೆಗೆ 128, ಮೂರನೇ ದಿನ 132. ಪೊಟ್ಯಾಸಿಯಂ 4 ದಾಟಿತು. ನಾಡಿ 64ಕ್ಕೆ ಬಂತು, ಇಸಿಜಿಯ ಅಂತರ 0.20 ಆಯಿತು. ಎಕೋದಲ್ಲಿ ಪಂಪಿಂಗ್ ಹಿಂದಿನಂತೆಯೇ ಶೇಕಡಾ 40. ನಾಲ್ಕನೇ ದಿನ ಅಮ್ಮ ಎದ್ದು ಕೂತು, ಆಸ್ಪತ್ರೆಯ ಇಡ್ಲಿಗೆ ಉಪ್ಪು ಹಾಕಿದ್ದಾರೆಂದು ದೂರು ಹೇಳಿದರು. "ಉಪ್ಪು ಮುಟ್ಬೇಡಿ ಅಂದಿದ್ರಲ್ಲ!"

ಮನೆಗೆ ಕಳಿಸುವಾಗ ಚೀಟಿಯಲ್ಲಿ ಬರೆದದ್ದು ಇಷ್ಟು. ಕ್ಲೋರ್‌ಥಾಲಿಡೋನ್ ಮತ್ತು ಆ ಜಾತಿಯ ಯಾವ ಮಾತ್ರೆಯೂ ಇನ್ನು ಬೇಡ. ಯಾರಲ್ಲಿ ಹೋದರೂ ಇದನ್ನು ತೋರಿಸಬೇಕು. ಮೆಟೊಪ್ರೊಲಾಲ್ ಅರ್ಧ ಡೋಸ್. ಪಾದ ಊದಿದರೆ ಮಾತ್ರ ಫ್ಯೂರೋಸೆಮೈಡ್ ಎಂಬ ಬೇರೆ ಜಾತಿಯ ನೀರಿನ ಮಾತ್ರೆ, ಅದೂ ಕೇಳಿಕೊಂಡು. ಅಡುಗೆಗೆ ದಿನವಿಡೀ ಸೇರಿ ಒಂದು ಸಣ್ಣ ಚಮಚಕ್ಕಿಂತ ಕಡಿಮೆ ಉಪ್ಪು, ಪೂರ್ತಿ ಬಿಡುವುದಲ್ಲ. ಬೇಳೆ, ಮೊಸರು ದಿನವೂ. ಕಷಾಯ, ಗಂಜಿ ತಿಳಿ, ಕಾಫಿ ಎಲ್ಲ ಸೇರಿ ದಿನಕ್ಕೆ ಒಂದೂಕಾಲು ಲೀಟರ್. ವಾರಕ್ಕೊಮ್ಮೆ ರಕ್ತಪರೀಕ್ಷೆ, ಒಂದು ತಿಂಗಳು.

ಆರು ವಾರದ ನಂತರ ಬಂದಾಗ ಸೋಡಿಯಂ 137. ಸೊಸೆ ಮನೆಯಲ್ಲಿ ಒಂದು ಸ್ಟೀಲ್ ಲೋಟ ಗೊತ್ತುಮಾಡಿದ್ದರು, 200 ಮಿಲಿ ಲೀಟರ್ ಹಿಡಿಯುವಂಥದ್ದು. ಒಂದು ಲೋಟ ಕುಡಿದರೆ ಅಡುಗೆಮನೆಯ ಕ್ಯಾಲೆಂಡರಿನ ಆ ದಿನದ ಚೌಕದಲ್ಲಿ ಒಂದು ಗೀಟು. ಫೋನಿನಲ್ಲಿ ತೆಗೆದ ಫೋಟೊ ತೋರಿಸಿದರು. ಆಗಸ್ಟ್ ಪೂರ್ತಿ ಆರಾರು ಗೀಟು, ಗೌರಿ ಹಬ್ಬದ ದಿನ ಏಳು.

ಅಮ್ಮನದು ಒಂದೇ ಪ್ರಶ್ನೆ. "ಅಪ್ಪೆಮಿಡಿ ತಿನ್ಬಹುದಾ ಡಾಕ್ಟ್ರೇ?"

"ವಾರಕ್ಕೆ ಒಂದು ಅಮ್ಮಾ. ರಸ ಬಿಟ್ಟು, ಮಿಡಿ ಮಾತ್ರ."

"ಅರ್ಧ ಮಾಡಿ ಎರಡು ದಿನ ತಿಂತೀನಿ," ಎಂದು ಎದ್ದರು.